ಕಾಗೆಗಳು ಗುರುತು ಹಿಡಿದ ಮನುಷ್ಯ

ಹೋದ ವಾರ ಬೀಸಿದ ಗಾಳಿಗೆ ನನ್ನ ಅಂಗಡಿಯ ಮುಂದಿನ ಬೇವಿನ ಮರದಿಂದ ಕಾಗೆಯ ಗೂಡೊಂದು ಕೆಳಗೆ ಬಿತ್ತು. ಮರಿಗಳು ಹಾರಿಹೋದ ಮೇಲೆ ಬಿಟ್ಟುಹೋದ ಹಳೆಯ ಗೂಡು. ಆಳಂದದಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪಿನ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತುವುದು ನನ್ನ ಕೆಲಸ. ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದಾಗ ಗೂಡು ಕಾಲಿಗೆ ತಾಗಿತು. ಎತ್ತಿಕೊಂಡೆ. ಗೂಡು ಅಂದರೆ ಹಗುರ ಇರಬೇಕಲ್ಲವೇ, ಇದು ಕೈಗೆ ಭಾರ ಹತ್ತಿತು. ಕಡ್ಡಿ ಕಡಿಮೆ, ತಂತಿಯೇ ಹೆಚ್ಚು. ನನ್ನದೇ ಗುಜರಿ ಡಬ್ಬಿಯಿಂದ ಒಂದೊಂದಾಗಿ ಕದ್ದೊಯ್ದ ತಾಮ್ರದ ತುಂಡು, ಗಂಟು ಕಟ್ಟುವ ತಂತಿ, ಯಾರದೋ ಮುರಿದ ಕೊಡೆಯ ಕಡ್ಡಿ. ನಡುವೆ, ಮೊಟ್ಟೆ ಇಡುವ ಜಾಗದಲ್ಲಿ ಮಾತ್ರ ನಾರು, ಕೂದಲು, ಹತ್ತಿಯ ಮೆತ್ತೆ. ಮೂಗಿನ ಹತ್ತಿರ ಹಿಡಿದೆ. ವಾರ್ನಿಶಿನ ವಾಸನೆ, ಅದರ ಕೆಳಗೆ ಕಾಗೆಗೂಡಿನ ಆ ಹುಳಿ ವಾಸನೆ...

ಆ ವಾಸನೆ ಬಂದ ಕೂಡಲೇ ನಾನು ಅಂಗಡಿಯಲ್ಲಿರಲಿಲ್ಲ. ಚೌಡಾಪುರದ ರಸ್ತೆಯಲ್ಲಿ ಒಂದು ಕಂಬದ ಕೆಳಗೆ, ಕೈಯಲ್ಲಿ ಬುಟ್ಟಿ ಹಿಡಿದು, ಮುಖ ಮೇಲೆತ್ತಿ ನಿಂತಿದ್ದೆ. ಮೇಲಿನಿಂದ ಅವರು ಕೂಗುತ್ತಿದ್ದರು: "ಬುಟ್ಟಿ ಬರೋಬರ್ ಹಿಡಿಯಲೇ! ಬಿತ್ತಂದ್ರ ನಿನ್ನ ತಲಿ ಮ್ಯಾಲೇ ಆಮ್ಲೇಟ್ ಆಗ್ತದ!"

ಅವರು ಆ ಭಾಗದ ಲೈನ್‌ಮನ್. ಚೌಡಾಪುರದ ಸುತ್ತಲಿನ ಹಳ್ಳಿಗಳ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಅವರ ಕೈಯಲ್ಲಿ. ಜನ ಲೈನ್‌ಮನ್ ಮಾಮಾ ಎನ್ನುತ್ತಿದ್ದರು, ನಾನು ಬರೀ ಮಾಮಾ ಎನ್ನುತ್ತಿದ್ದೆ. ರಕ್ತದ ಸಂಬಂಧ ಏನೂ ಇರಲಿಲ್ಲ. ನಾನು ಸರಸಂಬಾದವನು. ಆರನೇ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟದ್ದಕ್ಕೆ ನಾಚಿಕೆ ಪಟ್ಟವನಲ್ಲ, ಯಾರ ಮುಂದೆಯೂ ಕೈ ಒಡ್ಡಿದವನೂ ಅಲ್ಲ. ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೆ ಒಬ್ಬ ಗುತ್ತಿಗೆದಾರನ ಗ್ಯಾಂಗಿನಲ್ಲಿ ಕಂಬ ನಿಲ್ಲಿಸುವ ಕೆಲಸಕ್ಕೆ ಆ ಕಡೆ ಹೋದೆ. ನಾನು ತೋಡಿದ ಕುಣಿ, ನಿಲ್ಲಿಸಿದ ಕಂಬ ನೋಡಿ ಅವರೇ ಗುತ್ತಿಗೆದಾರನಿಗೆ ಹೇಳಿ ನನ್ನನ್ನು ತಮ್ಮ ಜೊತೆಗೆ ಹಾಕಿಸಿಕೊಂಡರು. ತಮ್ಮ ಮನೆಗೆ ಹತ್ತಿದ ಖೋಲಿಯನ್ನೂ ಬಾಡಿಗೆಗೆ ಕೊಡಿಸಿದರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವರ ಹೆಂಡತಿಯನ್ನು ನಾನು ಅತ್ತಿ ಎನ್ನುತ್ತಿದ್ದೆ. ಅತ್ತಿ ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಬೆಳಗಾದಂತೆ. ದಿನಾ ಎರಡು ಬಿಸಿ ರೊಟ್ಟಿ ಈಚೆಗೂ ಬರುತ್ತಿದ್ದವು. ಅವರಿಗೆ ಒಬ್ಬಳೇ ಮಗಳು. ನನ್ನನ್ನು ಅಣ್ಣಾ ಎನ್ನುತ್ತಿದ್ದಳು.

ತಂತಿಯ ಕೆಲಸ ಮಾಡುವವನಿಗೆ ಬೇಡವೆಂದರೂ ಹಕ್ಕಿಗಳ ಪರಿಚಯವಾಗುತ್ತದೆ. ದಿನವೆಲ್ಲ ಕತ್ತು ಮೇಲೆತ್ತಿಯೇ ನಡೆಯಬೇಕು, ಮೇಲೆ ಅವೇ ಇರುತ್ತವೆ. ನೀಲಕಂಠ ಒಂಟಿಯಾಗಿ ತಂತಿಯ ಮೇಲೆ ಕೂತು ತೊಗರಿ ಹೊಲವನ್ನು ಮಾಲೀಕನ ಹಾಗೆ ನೋಡುತ್ತದೆ; ಹಾರಿದಾಗಲೇ ಅದರ ರೆಕ್ಕೆಯ ನೀಲಿ ಕಣ್ಣಿಗೆ ಬೀಳುವುದು. ಸೀಳು ಬಾಲದ ಕಾಜಾಣ ಇಷ್ಟೇ ಇರುತ್ತದೆ, ಆದರೆ ಗೂಡಿನ ಹತ್ತಿರ ಹದ್ದು ಸುಳಿದರೂ ಬಿಡುವುದಿಲ್ಲ, ಬೆನ್ನ ಮೇಲೆ ಎರಗಿ ಕುಕ್ಕುತ್ತ ಊರಾಚೆ ದಾಟಿಸಿ ಬರುತ್ತದೆ. ಗೀಜಗ ಬಾವಿಯ ಮೇಲೆ ಹಾದುಹೋದ ತಂತಿಯನ್ನೇ ಹುಡುಕಿ ಗೂಡು ನೇಯುತ್ತದೆ, ಅಲ್ಲಿಗೆ ಹಾವೂ ಬಾರದು, ಬೆಕ್ಕೂ ಬಾರದು. ಗೊರವಂಕಕ್ಕೆ ಕಬ್ಬಿಣದ ಕಂಬದ ತೆರೆದ ಬಾಯಿ ಸಿಕ್ಕರೆ ಸಾಕು, ಅದೇ ಅರಮನೆ. ಬೆಳವ ಮಾತ್ರ ಅಡ್ಡಪಟ್ಟಿಯ ಮೇಲೆ ನಾಲ್ಕು ಕಡ್ಡಿ ಇಟ್ಟು ಅದನ್ನೇ ಗೂಡು ಎಂದುಕೊಳ್ಳುತ್ತದೆ. ಕೆಳಗೆ ನಿಂತವನಿಗೆ ಮೊಟ್ಟೆ ಕಾಣುತ್ತದೆ.

"ನಿಮ್ಮ ಗುತ್ತೇದಾರನ ಕೆಲಸ ಇದ್ದಂಗ ಅದ ನೋಡು ಇದು," ಎಂದು ಮಾಮಾ ನಗುತ್ತಿದ್ದರು.

ಇವು ಯಾವುವೂ ಕರೆಂಟಿಗೆ ಹೇಳಿಕೊಳ್ಳುವ ತೊಂದರೆ ಕೊಡುವುದಿಲ್ಲ. ಕಾಗೆಯ ಮಾತು ಬೇರೆ. ಬೇಸಿಗೆಯ ಕೊನೆಗೆ ಅದು ಗೂಡಿಗೆ ಬೀಳುತ್ತದೆ. ಗಾಳಿಗೆ ಅಲುಗದ ಗೂಡು ಬೇಕು ಅದಕ್ಕೆ, ಆದ್ದರಿಂದ ಕಡ್ಡಿಯ ಜೊತೆ ತಂತಿ ಹೊತ್ತು ತರುತ್ತದೆ. ಕಂಬದ ತಲೆಯಲ್ಲಿ, ತಂತಿ ಕೂರಿಸಿದ ಪಿಂಗಾಣಿ ಬಟ್ಟಲುಗಳ ನಡುವೆ, ಹೇಳಿ ಮಾಡಿಸಿದ ಜಾಗ. ಒಂದು ತಂತಿಯ ತುದಿ ಜಾರಿ ಇನ್ನೊಂದಕ್ಕೆ ಮುಟ್ಟಿತೆಂದರೆ ಢಮ್ಮನೆ ಸದ್ದು, ಹತ್ತು ಹಳ್ಳಿಗೆ ಕತ್ತಲು. ಅದಕ್ಕೇ ಪ್ರತಿ ವರ್ಷ ರೋಹಿಣಿ ಮಳೆ ಬೀಳುವುದಕ್ಕೆ ಮುಂಚೆ ಕರೆಂಟ್ ತೆಗೆಸಿ, ಕಂಬ ಕಂಬ ಹತ್ತಿ ಗೂಡು ತೆಗೆಯಬೇಕು.

ಬೇರೆಯವರು ಕೆಳಗೆ ನಿಂತು ಉದ್ದನೆಯ ಬಿದಿರಿನಿಂದ ತಿವಿದು ಕೆಡವಿಬಿಡುತ್ತಿದ್ದರು. ಅರ್ಧ ತಾಸಿನ ಕೆಲಸ. ಮಾಮಾ ಹಾಗೆ ಮಾಡಿದವರಲ್ಲ. ಸೊಂಟಕ್ಕೆ ಬೆಲ್ಟ್ ಬಿಗಿದು ಮೇಲೆ ಹೋಗಿ ಮೊದಲು ಗೂಡಿನೊಳಗೆ ಇಣುಕುತ್ತಿದ್ದರು. ಖಾಲಿ ಇದ್ದರೆ ಪಕ್ಕಡದಿಂದ ತಂತಿ ಕತ್ತರಿಸಿ ಕೆಳಗೆ ಎಸೆಯುವರು. ಮೊಟ್ಟೆಯೋ ಮರಿಯೋ ಇದ್ದರೆ, "ಬಾಣಂತಿ ಇದ್ದಾಳಲೇ, ಬುಟ್ಟಿ ಕಳಸು!" ಎಂದು ಕೂಗುವರು. ನಾನು ಹಗ್ಗಕ್ಕೆ ಬುಟ್ಟಿ ಕಟ್ಟಿ ಮೇಲೆ ಕಳಿಸುವುದು, ಅವರು ಗೂಡನ್ನು ಅನಾಮತ್ತಾಗಿ ಬುಟ್ಟಿಗಿಟ್ಟು ಕೆಳಗೆ ಬಿಡುವುದು, ಆಮೇಲೆ ಇಬ್ಬರೂ ಸೇರಿ ಹತ್ತಿರದ ಮರದಲ್ಲಿ ಬುಟ್ಟಿಸಮೇತ ಕಟ್ಟಿ ಬರುವುದು. ನೀಲಿ ಹಸಿರಿನ ಮೇಲೆ ಕಂದು ಚುಕ್ಕೆಯ ಮೊಟ್ಟೆಗಳು. ಒಂದೊಂದು ಸಲ ಅವುಗಳ ನಡುವೆ ಒಂದು ಸಣ್ಣ ಮೊಟ್ಟೆ, ಕೋಗಿಲೆಯದು. ಅದನ್ನೂ ತೆಗೆಯಲು ಬಿಡುತ್ತಿರಲಿಲ್ಲ. "ಕಾಗಿಗೇ ಬ್ಯಾಡಾಗಿಲ್ಲ, ನಿನಗ್ಯಾಕ ಉಸಾಬರಿ?" ಎನ್ನುತ್ತಿದ್ದರು. ಒಂದೆರಡು ತಾಸಿನಲ್ಲಿ ಕಾಗೆಗಳು ಬುಟ್ಟಿಯನ್ನು ಪತ್ತೆಹಚ್ಚಿ ಮರಿಗಳಿಗೆ ಗುಟುಕು ಕೊಡಲು ಶುರುಮಾಡುತ್ತಿದ್ದವು. ಎಲ್ಲ ಸಲವೂ ಅಲ್ಲ... ಬಹಳ ಸಲ.

ಇಷ್ಟೆಲ್ಲ ಮಾಡಿದ ಮನುಷ್ಯನನ್ನು ಕಾಗೆಗಳು ಸಾಯುವಷ್ಟು ದ್ವೇಷಿಸುತ್ತಿದ್ದವು.

ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಕಾಗೆ ಮುಖ ನೆನಪಿಡುತ್ತದೆ. ಕಂಬ ಹತ್ತಿದವನ ಮುಖವನ್ನು ಒಂದು ಸಲ ನೋಡಿದರೆ ವರ್ಷಗಟ್ಟಲೆ ಮರೆಯುವುದಿಲ್ಲ. ತಾನು ಮರೆಯದಿರುವುದಲ್ಲದೆ ಜೊತೆಯವಕ್ಕೂ ತನ್ನ ಮಕ್ಕಳಿಗೂ ತೋರಿಸಿಕೊಡುತ್ತದೆ. ಮಾಮಾ ಮನೆಯಿಂದ ಸೈಕಲ್ ಹೊರಗೆ ತೆಗೆದರೆ ಸಾಕು, ಎದುರಿನ ತಂತಿಯ ಮೇಲಿನ ಕಾಗೆ ಕತ್ತು ಚಾಚಿ ಒಂಥರಾ ಒರಟಾಗಿ, ಗಂಟಲು ಹರಿಯುವಂತೆ ಕೂಗುತ್ತಿತ್ತು. ಅನ್ನ ಕಂಡಾಗ ಕೂಗುವ ಕೂಗಲ್ಲ ಅದು. ಬೈಗುಳ. ಅದನ್ನು ಕೇಳಿ ಮುಂದಿನ ಕಂಬದ್ದು, ಅದನ್ನು ಕೇಳಿ ಅದರ ಮುಂದಿನದು. ರಸ್ತೆಯುದ್ದ ಅವರ ಮೆರವಣಿಗೆ. ಕೆಲವು ಹಿಂದಿನಿಂದ ಬಂದು ತಲೆಗೆ ಉಗುರು ತಾಗಿಸಿ ಹೋಗುತ್ತಿದ್ದವು. ಎಂದೂ ಎದುರಿನಿಂದ ಬರುತ್ತಿರಲಿಲ್ಲ, ಹಿಂದಿನಿಂದಲೇ. ಟವೆಲ್ ಸುತ್ತಿಕೊಂಡರು, ಗುರುತು ಹಿಡಿದವು. ಸೈಕಲ್ ಬಿಟ್ಟು ನಡೆದು ಹೋದರು, ಹಿಡಿದವು. ಕಡೆಗೆ ಒಂದು ದಿನ, ಅಷ್ಟು ಪ್ರೀತಿಯಿಂದ ತಿರುವುತ್ತಿದ್ದ ಮೀಸೆಯನ್ನೇ ತೆಗೆಸಿಬಿಟ್ಟರು.

ಅಂದು ಚೌಡಾಪುರದ ಚಹಾದಂಗಡಿಯಲ್ಲಿ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅಂಗಡಿಯ ಚಾಚಾ ಮಿರ್ಚಿ ಭಜಿ ಕರಿಯುತ್ತಿದ್ದವನು ಝಾರಿ ಹಿಡಿದೇ ಹೊರಗೆ ಬಂದು ಮಾಮಾನ ಮುಖ ನೋಡಿದ.

"ಅರೇ, ಯಾರ್ರಿ ನೀವು? ಹೊಸ ಲೈನ್‌ಮನ್ ಏನ್ರಿ?"

"ಚಾಚಾ, ಸುಮ್ನ ಚಾ ಹಾಕು."

"ಕಾಗಿಗಿ ಅಂಜಿ ಮೀಸಿ ತಗಸೀರಿ ಅಂತ ಹಜಾಮ ಹೇಳ್ದ. ನಾ ಝೂಟ್ ಅಂದ್ಕೊಂಡಿದ್ದೆ. ನಾಳಿ ಕಾಗಿ ಗುರ್ತು ಹಿಡದ್ರ ಮೂಗು ತಗಸ್ತೀರೇನು?"

ಇಡೀ ಅಂಗಡಿ ನಕ್ಕಿತು. ಅಷ್ಟರಲ್ಲಿ ಅಂಗಡಿಯ ಮಾಳಿಗೆ ಮೇಲಿದ್ದ ಕಾಗೆ ಬಗ್ಗಿ ನೋಡಿ ಅದೇ ಬೈಗುಳ ಶುರುಮಾಡಿತು. ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಮಾನೇ.

ಅವರು ಲಂಚವನ್ನೂ ಕೊಟ್ಟು ನೋಡಿದರು. ದಿನಾ ಒಂದು ಭಜಿ ಮುರಿದು ರಸ್ತೆಯ ಬದಿಗೆ ಇಡುತ್ತಿದ್ದರು. ಅವರು ಹತ್ತು ಹೆಜ್ಜೆ ದೂರ ಹೋದ ಮೇಲೆ ಕಾಗೆ ಇಳಿದು, ಓರೆಯಾಗಿ ಕುಪ್ಪಳಿಸಿ ಬಂದು, ಭಜಿ ಎತ್ತಿಕೊಂಡು ತಂತಿಯ ಮೇಲೆ ಹೋಗಿ ತಿಂದು, ಕೊಕ್ಕು ಒರೆಸಿಕೊಂಡು, ಮತ್ತೆ ಬೈಯುತ್ತಿತ್ತು. "ತಿನ್ನೋದು ತಿಂತಾವ, ಬೈಯೋದು ಬೈತಾವ. ಪಕ್ಕಾ ನನ್ನ ಬೀಗರ ಸ್ವಭಾವ," ಎನ್ನುತ್ತಿದ್ದರು. ಅತ್ತಿಯ ತವರಿನವರ ಮೇಲಿನ ಮಾತು ಅದು. ಅತ್ತಿ ಗೋಡೆಯಾಚೆಯಿಂದಲೇ ಉತ್ತರ ಕೊಡುತ್ತಿದ್ದಳು.

ಒಂದು ಬೇಸಿಗೆ ಅವರ ಬಲ ಭುಜಕ್ಕೆ ನೋವು ಬಂತು. ಕೈ ಮೇಲೆತ್ತಲು ಆಗದು. ಆ ವರ್ಷ ಕಂಬವೆಲ್ಲ ನಾನು ಹತ್ತಿದೆ, ಅವರು ಕೆಳಗೆ ಬುಟ್ಟಿ ಹಿಡಿದರು. ಕೆಲಸ ಮುಗಿದ ಮರುದಿನ ನಾನೊಬ್ಬನೇ ಸಂತೆಗೆ ಹೊರಟಾಗ ತಲೆಗೆ ಫಟ್ಟನೆ ಏನೋ ಬಡಿಯಿತು. ಮುಟ್ಟಿ ನೋಡಿದರೆ ರಕ್ತ. ಮೇಲೆ ಕಾಗೆ, ನನ್ನ ಕಡೆಗೇ ಕತ್ತು ಚಾಚಿ... ಮನೆಗೆ ಬಂದು ಮಾಮಾನಿಗೆ ತೋರಿಸಿದೆ. ಅವರು ಗಾಯ ನೋಡಿ ಕುಣಿಯುವುದೊಂದು ಬಾಕಿ.

"ಏ, ಇವಳೇ! ಬಾ ಇಲ್ಲಿ, ಸಕ್ಕರಿ ತಗೊಂಡ ಬಾ!" ಎಂದು ಅತ್ತಿಯನ್ನು ಕರೆದರು. ನನ್ನ ಬೆನ್ನಿಗೆ ಹೊಡೆದು ಹೇಳಿದರು: "ಗುತ್ತೇದಾರ ನಿನ್ನ ಪರ್ಮನೆಂಟ್ ಮಾಡ್ಲಿಲ್ಲಲೇ, ಕಾಗಿ ಮಾಡ್ಯಾವ!"

ಅತ್ತಿ ಗಾಯಕ್ಕೆ ಅರಿಶಿನ ಒತ್ತಿ, ಬಾಯಿಗೆ ಸಕ್ಕರೆ ಹಾಕಿದಳು. ಅಂದಿನಿಂದ ರಸ್ತೆಯ ಮೆರವಣಿಗೆ ನಮ್ಮಿಬ್ಬರದಾಯಿತು. ಆ ದಿನಗಳಲ್ಲಿ ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೇನೆ. ನನ್ನನ್ನು ಅವರ ಮನುಷ್ಯ ಎಂದು ಗುರುತಿಸುವವರು ಇದ್ದಾರಲ್ಲ, ಕಾಗೆಯಾದರೇನು.

ಲೈನ್‌ಮನ್ ಸತ್ತರು ಎಂದರೆ ಕೇಳಿದವರೆಲ್ಲ ಕರೆಂಟ್ ಹಿಡಿಯಿತೇ ಎನ್ನುತ್ತಾರೆ. ಇಲ್ಲ. ಆ ವರ್ಷದ ಗೂಡು ತೆಗೆಯುವ ಕೆಲಸ ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಕಲಬುರಗಿಗೆ ಒಯ್ಯಲು ಜೀಪು ತಂದೆ. ಅರ್ಧ ದಾರಿ ಮುಟ್ಟುವುದಕ್ಕೂ ಮುಂಚೆ ನನ್ನ ತೊಡೆಯ ಮೇಲಿದ್ದ ಅವರ ತಲೆ ಭಾರವಾಯಿತು... ಚಾಲಕನೇ ಕನ್ನಡಿಯಲ್ಲಿ ನೋಡಿ ನಿಲ್ಲಿಸಿದ.

ಅವರ ಸ್ವಂತ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಕುಣಿ ನಾನೇ ತೋಡಿದೆ. ಕಂಬದ ಕುಣಿ ತೋಡಿ ಅವರಿಂದ ಶಾಬಾಸ್ ಅನ್ನಿಸಿಕೊಂಡ ಕೈ. ಬದುವಿನ ಮೇಲೆಯೇ ನಮ್ಮ ಲೈನ್ ಹಾದುಹೋಗಿತ್ತು. ಅದರ ಪಕ್ಕದ ಬೇವಿನಲ್ಲಿ, ಎಂಟು ದಿನದ ಹಿಂದೆ ನಾವೇ ಕಟ್ಟಿದ ಬುಟ್ಟಿ ಇತ್ತು.

ಮೂರನೆಯ ದಿನ ಕಾಗೆಗೆ ಎಡೆ ಇಡುವುದು. ನಮ್ಮ ಕಡೆ ಇದು ದೊಡ್ಡ ಮಾತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಸಮಾಧಿಯ ಮುಂದೆ ಬಡಿಸಿ ದೂರ ಸರಿದು ನಿಲ್ಲಬೇಕು. ಸತ್ತವರೇ ಕಾಗೆಯಾಗಿ ಬಂದು ಮುಟ್ಟುತ್ತಾರೆ. ಮುಟ್ಟುವವರೆಗೆ ಮನೆಯವರು ಬಾಯಿಗೆ ನೀರು ಹಾಕುವುದಿಲ್ಲ. ಮುಟ್ಟದಿದ್ದರೆ ಜೀವಕ್ಕೆ ಏನೋ ಉಳಿದಿದೆ, ಏನೋ ಆಸೆ, ಯಾರ ಮೇಲೋ ಮುನಿಸು. ಆಗ ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಡಬೇಕು.

ಅತ್ತಿ ರೊಟ್ಟಿ, ಪುಂಡಿಪಲ್ಯ, ಹುಗ್ಗಿ ಮಾಡಿದ್ದಳು. ಚಾಚಾ ಮಿರ್ಚಿ ಭಜಿ ಕಟ್ಟಿಸಿ ಕಳಿಸಿದ್ದ. ಒಂದು ಲೋಟದಲ್ಲಿ ಚಹಾ, ಎಲೆಯ ತುದಿಗೆ ತಂಬಾಕು ಸುಣ್ಣ. ಎಲೆ ಬಡಿಸಿದವನು ನಾನು. ಬಡಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಮುಗಿದು ನಿಂತೆ.

ಕಾಗೆಗಳಿಗೇನು ಬರಗಾಲವಿರಲಿಲ್ಲ. ತಂತಿಯ ಮೇಲೆ ಸಾಲು, ಬೇವಿನಲ್ಲಿ ಗುಂಪು. ಕೂಗು ಕಿವಿ ತುಂಬುತ್ತಿತ್ತು. ಒಂದೂ ಕೆಳಗಿಳಿಯಲಿಲ್ಲ.

ಬಿಸಿಲು ಏರಿತು. ಮಾಮಾನ ತಮ್ಮ ಮುಂದೆ ಬಂದು, "ಅಣ್ಣಾ, ನಿನ್ನ ಹೊಲ ಅತ್ತಿಗಿದೇ. ನಾ ಕೈ ಹಾಕಂಗಿಲ್ಲ, ಬಾ," ಎಂದ. ಬರಲಿಲ್ಲ. ಅತ್ತಿ ಸೆರಗು ಒಡ್ಡಿ, "ಮಗಳ ಲಗ್ನದ ಫಿಕರ್ ಬ್ಯಾಡ್ರಿ. ನಾ ದುಡದು ಮಾಡ್ತೇನಿ. ಬರ್ರಿ, ಹಸದೀರಿ..." ಎಂದಳು. ಬರಲಿಲ್ಲ. ಮಗಳು ಏನೋ ಹೇಳಹೋಗಿ ಅಳತೊಡಗಿದಳು. ಆಗ ಹಿಂದಿನಿಂದ ಒಬ್ಬ ಮುದುಕಿ, ಊರಿನವಳೇ, ಎಲ್ಲರಿಗೂ ಕೇಳುವಂತೆ ಅಂದಳು: "ಜಲಮೆಲ್ಲಾ ಕಾಗಿ ಮನಿ ಕೆಡವ್ಯಾನ. ಈಗ ಅವನ ಎಡಿ ಅವು ಹ್ಯಾಂಗ ಮುಟ್ಟ್ಯಾವು?"

ಅತ್ತಿ ಸಮಾಧಿಯ ಮಣ್ಣಿನ ಮೇಲೆ ಕೂತುಬಿಟ್ಟಳು. "ಕೆಡವಿಲ್ಲಬೇ," ಎಂದಳು ಸಣ್ಣ ದನಿಯಲ್ಲಿ. "ಬುಟ್ಟಿ ಕಟ್ಟಿ ಇಟ್ಟಾರ. ಅಲ್ಲೇ ನೋಡು, ಕಾಣ್ತದ..." ಮೂರು ದಿನ ಸರಿಯಾಗಿ ಅನ್ನ ನೀರಿಲ್ಲದೆ ಅವಳ ತುಟಿ ಒಡೆದಿತ್ತು. ತನ್ನ ಗಂಡ ಈ ಬದುವಿನ ಮೇಲೆ ಹಸಿದುಕೊಂಡು ಅಲೆಯುತ್ತಾನೆ, ಇನ್ನು ಎಂದೂ ಉಣ್ಣುವುದಿಲ್ಲ ಎಂಬುದು ಅವಳ ಮುಖದ ಮೇಲೆ ಬರೆದ ಹಾಗೆ ಕಾಣುತ್ತಿತ್ತು.

ಆಗ ನಾನು ತಲೆಯೆತ್ತಿ ಕಾಗೆಗಳ ಕಡೆ ಸರಿಯಾಗಿ ನೋಡಿದೆ. ಅಲ್ಲಿಯವರೆಗೆ ಎಲೆಯನ್ನೇ ನೋಡುತ್ತಿದ್ದೆ. ಆ ಕೂಗು ಅನ್ನದ ಕೂಗಲ್ಲ. ನನಗೆ ಚೆನ್ನಾಗಿ ಗೊತ್ತಿದ್ದ ಕೂಗು. ಕತ್ತುಗಳು ಚಾಚಿದ್ದು ಎಲೆಯ ಕಡೆಗಲ್ಲ. ನಾನು ಒಂದು ಹೆಜ್ಜೆ ಎಡಕ್ಕೆ ಸರಿದೆ. ಕತ್ತುಗಳೂ ಎಡಕ್ಕೆ ಸರಿದವು. ಅವು ಬೈಯುತ್ತಿದ್ದದ್ದು ಮಾಮಾನನ್ನಲ್ಲ; ಅವರನ್ನು ಬೈಯಲು ಅವರು ಅಲ್ಲಿ ಎಲ್ಲಿದ್ದರು? ಬೈಯುತ್ತಿದ್ದದ್ದು ನನ್ನನ್ನು. ನಾನು ಅಲ್ಲಿ ನಿಂತಿರುವವರೆಗೆ ಒಂದೂ ಇಳಿಯುವುದಿಲ್ಲ.

ಎಡೆಗೆ ಕಾಗೆ ಮುಟ್ಟುವ ಮುಂಚೆ ಎದ್ದು ಹೋಗುವುದೆಂದರೆ ಸತ್ತವರ ಮುಖಕ್ಕೆ ಬೆನ್ನು ತಿರುಗಿಸಿದಂತೆ. ಕುಣಿ ತೋಡಿದವನು, ಎಲೆ ಬಡಿಸಿದವನು ಹೋಗುವುದಂತೂ ಇಲ್ಲವೇ ಇಲ್ಲ. ನಾನು ತಿರುಗಿ ಬದುವಿನಿಂದ ಇಳಿದೆ.

"ಎಲ್ಲಿಗಿ ಹೊಂಟಿಲೇ?" ಮಾಮಾನ ತಮ್ಮ ಗದರಿದ. "ನಡುವ ಎದ್ದು ಹೋಗ್ತಿ? ಮಾನ ಅದ ಏನ್ ನಿನಗ?"

ಉತ್ತರ ಕೊಡಲು ನಿಂತರೆ ಕಾಗೆಗಳೂ ನಿಲ್ಲುತ್ತವೆ. ಲೈನಿನ ಕೆಳಗೇ ರಸ್ತೆಯ ಕಡೆಗೆ ನಡೆದೆ. ನಾನಂದುಕೊಂಡ ಹಾಗೇ ಆಯಿತು. ಒಂದು ಎದ್ದಿತು, ಹಿಂದೆ ಇನ್ನೊಂದು, ಕಂಬದಿಂದ ಕಂಬಕ್ಕೆ ನನ್ನ ಹಿಂದೆ ಬಂದವು. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡೆ. ಸರಿಯಾಗಿ ಗುರುತು ಸಿಗಲಿ ಎಂದು. ಎರಡು ಸಲ ಉಗುರು ತಾಗಿತು. ಕೈ ಎತ್ತಲಿಲ್ಲ. ಎಂದಿನ ಮೆರವಣಿಗೆ, ಪಕ್ಕದಲ್ಲಿ ಸೈಕಲ್ ಮಾತ್ರ ಇರಲಿಲ್ಲ...

ರಸ್ತೆ ಮುಟ್ಟುವಾಗ ಹಿಂದೆ ಹೊಲದಲ್ಲಿ ಹೆಂಗಸರ ಕೂಗು ಎದ್ದಿತು. ಮುಟ್ಟಿತು, ಮುಟ್ಟಿತು! ಹಿಂದೆ ಉಳಿದಿದ್ದ ಯಾವುದೋ ಒಂದು ಕಾಗೆ, ನನ್ನ ಪರಿಚಯವಿಲ್ಲದ್ದು ಇದ್ದೀತು, ಇಳಿದಿತ್ತು. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಎಲ್ಲಿ ಹಾರಿಬಿಡುತ್ತದೋ ಎಂದು ರಸ್ತೆ ದಾಟಿ ಆಚೆಯ ಜಾಲಿಯ ಹಿಂದೆ ಹೋಗಿ ಕೂತೆ. ಮಾಮಾನ ಎಡೆಗೆ ಕಾಗೆ ಮುಟ್ಟಿದ್ದನ್ನು ಇಡೀ ಊರು ನೋಡಿತು, ನಾನೊಬ್ಬ ನೋಡಲಿಲ್ಲ.

ಸಂಜೆಯಷ್ಟೊತ್ತಿಗೆ ಊರು ತನ್ನ ಲೆಕ್ಕ ಮುಗಿಸಿತ್ತು. ಅವನು ಅಲ್ಲಿ ನಿಂತಿರುವವರೆಗೆ ಕಾಗೆ ಬರಲಿಲ್ಲ. ಅವನು ಆಚೆ ಹೋದ ಕೂಡಲೇ ಬಂತು. ಅಂದಮೇಲೆ ಸತ್ತವರಿಗೆ ಮುನಿಸು ಇದ್ದದ್ದು ಅವನ ಮೇಲೆಯೇ. ಅಷ್ಟು ಹಚ್ಚಿಕೊಂಡ ಮನುಷ್ಯನಿಗೆ ಈ ಗುತ್ತಿಗೆ ಆಳು ಏನು ಮಾಡಿದ್ದನೋ, ಏನೋ. ಚಾಚಾನ ಅಂಗಡಿಯಲ್ಲೂ ಇದೇ ಮಾತು. ನಾನು ಹೋದಾಗ ಮಾತು ನಿಂತಿತು.

ಕತ್ತಲಾಗುವ ಹೊತ್ತಿಗೆ ಅತ್ತಿ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತಳು.

"ನಿನಗೂ ಅವರಿಗೂ ಏನರ ಆಗಿತ್ತೇನಪ್ಪಾ? ಖರೆ ಹೇಳು."

ಮಾತು ಬಾಯಿಯ ತುದಿಗೆ ಬಂದಿತ್ತು. ಏನಿಲ್ಲ ಅತ್ತಿ, ಕಾಗೆಗಳು ನನ್ನನ್ನು ಗುರುತು ಹಿಡಿದಿದ್ದವು, ನೀನೇ ಅರಿಶಿನ ಒತ್ತಿದ್ದೆಯಲ್ಲ, ನೆನಪಿಲ್ಲವೇ ಎನ್ನಬೇಕು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು: "ಏನರ ಇರ್ಲಿ ಬಿಡು. ಅವರು ಬಂದ್ರಲ್ಲ, ನನಗ ಅಷ್ಟ ಸಾಕು. ಮೊದಲ ಭಜಿನೇ ಮುಟ್ಟಿದ್ರು. ನೋಡಿದ ಮ್ಯಾಲೇ ನನಗ ತುತ್ತು ಇಳೀತು."

ಆ ಮುಖದಲ್ಲಿ ಮೂರು ದಿನದ ಮೇಲೆ ಜೀವ ಬಂದಿತ್ತು. ನಾನು ನನ್ನ ಮಾತು ಹೇಳಿದರೆ ಅವಳ ಗಂಡ ಬರೀ ಕಾಗೆಯಾಗಿಬಿಡುತ್ತಾನೆ. ನನ್ನ ಗುರುತಿಲ್ಲದ, ಹಸಿದ, ಯಾವುದೋ ಒಂದು ಕಾಗೆ. ಅವಳಿಂದ ಅದನ್ನು ಹೇಗೆ ಕಿತ್ತುಕೊಳ್ಳಲಿ?

"ಏನೋ ಸಣ್ಣ ಮಾತು ಬಂದಿತ್ತು, ಅತ್ತಿ,"  ಎಂದೆ.

ಅವಳು ತಲೆಯಾಡಿಸಿ ಹೋದಳು. ಮರುದಿನ ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಎಂದಿನಂತೆ ಕೇಳಿತು, ಆದರೆ ರೊಟ್ಟಿ ಈಚೆ ಬರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ, ಕರೆಯಲೂ ಇಲ್ಲ. ನಾನೂ ಮಾನಕ್ಕೆ ಅಂಜುವ ಮನುಷ್ಯ, ಕರೆಯದ ಹೊಸ್ತಿಲಿಗೆ ಹೋಗುವವನಲ್ಲ. ಆ ಮಳೆಗಾಲ ಕಳೆಯುವುದರೊಳಗೆ ಗ್ಯಾಂಗು ಬಿಟ್ಟು, ಮೋಟಾರು ಕೆಲಸ ಕಲಿತು, ಹೆಂಡತಿ ಮಕ್ಕಳೊಂದಿಗೆ ಆಳಂದಕ್ಕೆ ಬಂದೆ. ಅತ್ತಿಯ ಮಗಳ ಮದುವೆ ಜೇವರ್ಗಿಯ ಕಡೆ ಆಯಿತೆಂದು ಬೇರೆಯವರಿಂದ ಕೇಳಿದೆ. ಅಣ್ಣಾ ಎಂದು ಕರೆಯುತ್ತಿದ್ದವಳ ಮದುವೆ...

ವರ್ಷಗಳು ಹೋದವು. ಈ ಬೇಸಿಗೆಯಲ್ಲಿ ಒಂದು ದಿನ ಆ ಮಗಳದೇ ಫೋನು. ಅವ್ವ ಹೋದಳು ಎಂದಳು. ಮೂರನೆಯ ದಿನ ಹೋದೆ. ಅದೇ ಹೊಲ, ಅದೇ ಬದು, ಮಾಮಾನ ಪಕ್ಕಕ್ಕೇ ಹೊಸ ಮಣ್ಣು. ನಾನು ರಸ್ತೆಯ ಹತ್ತಿರವೇ, ತಲೆಗೆ ಟವೆಲ್ ಸುತ್ತಿ ಮುಖ ಮರೆಮಾಡಿ ನಿಂತೆ. ಮಗಳು ನೋಡಿದಳು. ಸೊಂಟದ ಮೇಲೆ ಕೂಸು ಎತ್ತಿಕೊಂಡೇ ಅಷ್ಟು ದೂರ ಬಂದಳು.

"ಇಲ್ಲ್ಯಾಕ ನಿಂತೀರಿ ಅಣ್ಣಾ? ಬರ್ರಿ."

"ಇರ್ಲಿ ಬಿಡವ್ವಾ. ಕಾಗಿ ಮುಟ್ಲಿ, ಆಮ್ಯಾಲ ಬರ್ತೇನಿ."

"ಮುಟ್ಟಿದ್ರ ಮುಟ್ಟಲಿ, ಬಿಟ್ರ ಬಿಡ್ಲಿ. ನೀವು ಬರ್ರಿ," ಎಂದು ನನ್ನ ಮುಂಗೈ ಹಿಡಿದು ಎಳೆದುಕೊಂಡು ಹೋದಳು.

ಎಲೆಯ ಹತ್ತಿರ ನಿಂತೆ. ಭುಜ ತಾನಾಗಿಯೇ ಕಿವಿಯವರೆಗೆ ಏರಿತ್ತು, ಈಗ ಉಗುರು ತಾಗುತ್ತದೆ, ಈಗ ಬೈಗುಳ ಶುರುವಾಗುತ್ತದೆ ಎಂದು. ತಂತಿಯ ಮೇಲೆ ಮೂರೋ ನಾಲ್ಕೋ ಕಾಗೆಗಳಿದ್ದವು. ಒಂದು ಇಳಿಯಿತು. ಓರೆಯಾಗಿ ಕುಪ್ಪಳಿಸುತ್ತ ನನ್ನ ಕಾಲಿನ ಪಕ್ಕದಿಂದಲೇ ಹಾದು, ರೊಟ್ಟಿಯ ಅಂಚು ಮುರಿದುಕೊಂಡು ಹಾರಿತು. ಕೈಮುಗಿಯಲು ಕೂಡ ನನಗೆ ಹೊತ್ತು ಸಿಗಲಿಲ್ಲ.

ಮಾಮಾನ ತಮ್ಮನಿಗೆ ಈಗ ಕಣ್ಣು ಮಂಜು. ಕೋಲು ಊರಿಕೊಂಡು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ನೀ ಇದ್ದಾಗಲೇ ಮುಟ್ಟಿತಲ್ಲ. ನಮ್ಮ ಅತ್ತಿಗಿಗಿ ನಿನ್ನ ಮ್ಯಾಲ ಏನೂ ಇಲ್ಲಪಾ. ಎಲ್ಲಾ ಮಾಫ್ ಮಾಡಿ ಹೋಗ್ಯಾಳ." ಸುತ್ತಲಿನವರು ಹೌದು ಹೌದು ಎಂದರು. ಮಗಳು ಕಣ್ಣೊರೆಸಿಕೊಂಡಳು. ನಾನೂ ತಲೆಯಾಡಿಸಿದೆ. ಅತ್ತಿ ಮಾಫ್ ಮಾಡಿದ್ದರೆ ಅದು ನನಗೂ ಬೇಕಾದದ್ದೇ. ಆದರೆ ನಾನು ತಂತಿಯ ಕಡೆ ನೋಡಿದೆ. ಬೇವಿನಲ್ಲಿ ಬುಟ್ಟಿ ಇರಲಿಲ್ಲ, ಕಟ್ಟಿದ ತಂತಿಯ ಉಂಗುರವೊಂದು ಕೊಂಬೆಯ ತೊಗಟೆಯೊಳಗೆ ಹೂತುಹೋಗಿತ್ತು. ಮಾಮಾನನ್ನು ಬೈದ ಕಾಗೆ, ನನ್ನನ್ನು ಬೈದ ಕಾಗೆ, ತಮ್ಮ ಮಕ್ಕಳಿಗೆ ನಮ್ಮನ್ನು ತೋರಿಸಿಕೊಟ್ಟ ಕಾಗೆ, ಯಾವುದೂ ಉಳಿದಿರಲಿಲ್ಲ. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ನೆನಪಿಟ್ಟವರು ಹೋಗಿಬಿಟ್ಟಿದ್ದರು. ಊರಿಗೆ ವಾಪಸಾಗುವಾಗ ಟವೆಲ್ ತೆಗೆದು, ಬರಿತಲೆಯಲ್ಲಿ, ಆ ಲೈನಿನ ಕೆಳಗೇ ಬಸ್ಸಿನವರೆಗೆ ನಿಧಾನವಾಗಿ ನಡೆದೆ. ಒಂದಾದರೂ ಬೈಯಲಿ ಎಂದು...

ಬಿದ್ದ ಗೂಡು ಈಗ ನನ್ನ ಅಂಗಡಿಯ ಕಟ್ಟೆಯ ಮೇಲಿದೆ. ತಾಮ್ರ ಬಿಚ್ಚಿಕೊಳ್ಳಲು ಮನಸ್ಸಾಗಲಿಲ್ಲ. ಇಂದು ಬೆಳಿಗ್ಗೆ ಅದನ್ನು, ಗೂಡು ಕಿತ್ತವನು ನಾನೇ ಎಂಬ ಹಾಗೆ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೇವಿನ ಕೆಳಗೆ ನಿಂತು ಮೇಲೆ ನೋಡಿದೆ. ಕೊಂಬೆಯ ಮೇಲೆ ಒಂದು ಕಾಗೆ ಕೂತಿತ್ತು. ಕತ್ತು ಓರೆ ಮಾಡಿ ನನ್ನನ್ನು ನೋಡಿತು, ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ. ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡು ರಸ್ತೆಯ ಕಡೆಗೆ ತಿರುಗಿ ಕೂತಿತು.